ಬುಟ್ಟಿಯ ಕೆಳಗಿನ ಕೈ

ಚೆನ್ನೈಗೆ ವರ್ಗವಾಗಿ ಬಂದ ಮೊದಲ ವರ್ಷ ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ನಮ್ಮನ್ನು ತಮ್ಮ ಇಗರ್ಜಿಯ ಸುಗ್ಗಿಹಬ್ಬಕ್ಕೆ ಕರೆದುಕೊಂಡು ಹೋದರು. ತಮಿಳಿನಲ್ಲಿ ಅದಕ್ಕೆ 'ಅರುಪ್ಪಿನ್ ಪಂಡಿಗೈ' ಎನ್ನುತ್ತಾರೆ; ಕೊಯ್ಲಿನ ಹಬ್ಬ ಎಂದರ್ಥ. ವೇದಿಕೆಯ ಮುಂದೆ ಕಬ್ಬಿನ ಜಲ್ಲೆ, ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಮೊಟ್ಟೆಯ ಬುಟ್ಟಿ, ಮನೆಯಲ್ಲಿ ಬೇಯಿಸಿದ ಕೇಕು, ಕಾಲು ಕಟ್ಟಿದ ಒಂದು ಕೋಳಿ ಕೂಡ ಇದ್ದವು. ಆರಾಧನೆ ಮುಗಿದ ಬಳಿಕ ಅಂಗಳದಲ್ಲಿ ಅವೆಲ್ಲವುಗಳ ಹರಾಜು ನಡೆಯಿತು. ಒಂದು ಸಾಧಾರಣ ಕುಂಬಳಕಾಯಿ ಪೇಟೆಯ ಬೆಲೆಯ ಹತ್ತಾರು ಪಟ್ಟಿಗೆ ಹೋಯಿತು. ಕೊಂಡವರು ಅದನ್ನು ಮತ್ತೆ ಹರಾಜಿಗೆ ಬಿಟ್ಟರು. ಕಾಣಿಕೆ ತಂದವರಲ್ಲಿ ಬ್ಯಾಂಕಿನ ಗುಮಾಸ್ತರು, ಶಾಲಾ ಶಿಕ್ಷಕಿಯರು, ರೈಲ್ವೆ ನೌಕರರು ಇದ್ದರು. ಒಬ್ಬರಿಗೂ ಈ ನಗರದಲ್ಲಿ ಒಂದು ಗದ್ದೆಯಿರಲಿಲ್ಲ. ತಂದದ್ದರಲ್ಲಿ ಹೆಚ್ಚಿನದು ಕೋಯಂಬೇಡು ಮಾರುಕಟ್ಟೆಯ ಸರಕು. ಆದರೂ ಪಾದ್ರಿಗಳು ಆ ರಾಶಿಯ ಮೇಲೆ ಕೈಯೆತ್ತಿ ಪ್ರಾರ್ಥಿಸಿದಾಗ ಎಲ್ಲರ ಮುಖದಲ್ಲೂ ತಾವೇ ಬಿತ್ತಿ ಬೆಳೆದವರ ಭಾವವಿತ್ತು.

ಅಂದಿನಿಂದ ಒಂದು ಪ್ರಶ್ನೆ ನಮ್ಮೊಡನೆ ಉಳಿದುಬಂದಿದೆ. ಬೆಳೆದವನು ರೈತ, ಬೆಳೆ ಕೊಟ್ಟವನು ದೇವರು ಎಂದಾದರೆ ಅವರಿಬ್ಬರ ನಡುವೆ ನಿಲ್ಲುವ ಈ ಮೂರನೆಯವನ ಕೆಲಸವೇನು? ಪ್ರಶ್ನೆ ನಮಗೆ ಹೊರಗಿನದಲ್ಲ. ಕುಂದಾಪುರದ ಕಡೆಯ ಒಂದು ಊರಿನಲ್ಲಿ ನಮ್ಮ ಅಜ್ಜಯ್ಯ ದೇವಸ್ಥಾನದ ಅರ್ಚಕರಾಗಿದ್ದರು. ಪ್ರತಿವರ್ಷ ಹೊಸ ಕದಿರನ್ನು ದೇವರಿಗೆ ಒಪ್ಪಿಸಿ ಊರಿಗೆ ಹಂಚುವ ಕೈ ಅವರದಾಗಿತ್ತು. ಆ ಕೈ ಒಂದು ವರ್ಷ ಹಿಂದೆ ಸರಿದ ಸಂಗತಿಯೂ ನಮ್ಮ ಮನೆಯ ಚರಿತ್ರೆಯಲ್ಲಿದೆ. ಅದನ್ನು ಹೇಳುವ ಮುನ್ನ, ಚೆನ್ನೈಯ ಆ ಹಬ್ಬ ತನ್ನ ಬೇರುಗಳನ್ನು ಹುಡುಕುವ ಪ್ರಾಚೀನ ಇಸ್ರಾಯೇಲಿಗೆ ಒಮ್ಮೆ ಹೋಗಿಬರುವುದು ಅಗತ್ಯ.

ಇಂಗ್ಲಿಷ್ ಎಂ.ಎ. ಓದುವಾಗ ಕೀಟ್ಸ್ ಕವಿಯ ನೈಟಿಂಗೇಲ್ ಪ್ರಗಾಥದಲ್ಲಿ ರೂತಳ ಹೆಸರು ಬಂದಿತ್ತು. ಪರದೇಶದ ಹೊಲದಲ್ಲಿ ಹಕ್ಕಲಾಯುವ ಆ ವಿಧವೆ ಯಾರೆಂದು ತಿಳಿಯಲು ನಾವು ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ತೆರೆದೆವು. ಅಲ್ಲಿಂದ ಯಾಜಕಕಾಂಡ, ಧರ್ಮೋಪದೇಶಕಾಂಡಗಳಿಗೆ ಹೋದೆವು. ಪರೀಕ್ಷೆಗೆ ಬೇಡವಾಗಿದ್ದ ಆ ಓದು ಇಷ್ಟು ವರ್ಷ ಜೊತೆಗಿರುವುದಕ್ಕೆ ಕನ್ನಡ ಅನುವಾದದ ಎರಡು ಪದಗಳೇ ಕಾರಣ. ಮೊದಲ ಕೊಯ್ಲಿನ ಕಟ್ಟಿಗೆ ಕನ್ನಡ ಬೈಬಲ್ 'ಸಿವುಡು' ಎನ್ನುತ್ತದೆ. ಯಾಜಕನು ಅದನ್ನು ದೇವರ ಮುಂದೆ ಆಡಿಸುವ ಕ್ರಿಯೆಗೆ 'ನಿವಾಳಿಸು' ಎನ್ನುತ್ತದೆ. ಮಕ್ಕಳಿಗೆ ದೃಷ್ಟಿ ತೆಗೆಯುವಾಗ, ಮದುಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿದಾಗ ನಮ್ಮ ಮನೆಗಳಲ್ಲಿ ಬಳಸುವ ಮಾತು ಅದು. ಮೂರು ಸಾವಿರ ವರ್ಷ ಹಿಂದಿನ ಪರದೇಶದ ವಿಧಿಯೊಂದು ಆ ಒಂದು ಪದದಿಂದ ನಮ್ಮ ಪಡಸಾಲೆಗೆ ಬಂದು ಕುಳಿತಂತಾಯಿತು.

ಆ ನಾಡಿನ ಕೃಷಿವರ್ಷದ ಒಂದು ಚಿಕ್ಕ ದಾಖಲೆ ಉಳಿದಿದೆ. 1908ರಲ್ಲಿ ಪುರಾತತ್ತ್ವಜ್ಞ ಮೆಕಾಲಿಸ್ಟರ್ ಅವರಿಗೆ ಗೆಜೆರ್ ಎಂಬಲ್ಲಿ ಅಂಗೈಯಗಲದ ಸುಣ್ಣಕಲ್ಲಿನ ಫಲಕವೊಂದು ದೊರೆಯಿತು. ಕ್ರಿ.ಪೂ. 10ನೆಯ ಶತಮಾನದ್ದೆಂದು ಎಣಿಸಲಾಗುವ ಅದರ ಮೇಲೆ ಬಿತ್ತನೆಯ ತಿಂಗಳುಗಳು, ಜವೆಗೋಧಿಯ ಕೊಯ್ಲಿನ ತಿಂಗಳು, ದ್ರಾಕ್ಷಿಯ ತಿಂಗಳುಗಳು ಎಂದು ವರ್ಷವನ್ನು ಕೆಲಸಗಳ ಲೆಕ್ಕದಲ್ಲಿ ಬರೆದಿದೆ. ವಸಂತದಲ್ಲಿ ಜವೆಗೋಧಿ, ಏಳು ವಾರಗಳ ಬಳಿಕ ಗೋಧಿ, ಬೇಸಗೆ ಕಳೆದಂತೆ ದ್ರಾಕ್ಷಿ, ಅಂಜೂರ, ಕೊನೆಗೆ ಎಣ್ಣೆಮರದ ಕಾಯಿ. ಪಸ್ಕ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ ಎಂಬ ಮೂರು ಯಾತ್ರೆಯ ಹಬ್ಬಗಳು ಈ ಕೊಯ್ಲುಗಳ ಮೇಲೆಯೇ ನಿಂತಿವೆ.

ಮೊದಲನೆಯದು ಸಿವುಡಿನ ವಿಧಿ. ಯಾಜಕಕಾಂಡದ 23ನೆಯ ಅಧ್ಯಾಯದ ಪ್ರಕಾರ ಮೊದಲು ಕೊಯ್ದ ಸಿವುಡನ್ನು ಯಾಜಕನ ಬಳಿಗೆ ತರಬೇಕು. ಅವನು ಅದನ್ನು ನಿವಾಳಿಸಬೇಕು. ಅಲ್ಲಿಯವರೆಗೆ ಹೊಸ ಧಾನ್ಯದ ರೊಟ್ಟಿಯಾಗಲಿ ಹುರಿದ ಕಾಳಾಗಲಿ ಹಸಿ ತೆನೆಯಾಗಲಿ ಯಾರ ಬಾಯಿಗೂ ಹೋಗುವಂತಿಲ್ಲ. ಅಂದಿನಿಂದ ಏಳು ವಾರ ಎಣಿಸಿ, ಐವತ್ತನೆಯ ದಿನ ಹೊಸ ಗೋಧಿಯ ಎರಡು ಹುಳಿರೊಟ್ಟಿಗಳನ್ನು ಅರ್ಪಿಸಬೇಕು. ಹಾಗೆಂದರೆ ಯಾಜಕನ ಮೊದಲ ಕೆಲಸ ಕಾಲವನ್ನು ತೆರೆಯುವುದು. ಹಸಿದವನ ಗದ್ದೆಯಲ್ಲಿ ತೆನೆ ಬಾಗಿದ್ದರೂ ಊರೆಲ್ಲ ಒಟ್ಟಿಗೆ ಕಾಯುವಂತೆ, ಒಟ್ಟಿಗೆ ಉಣ್ಣುವಂತೆ ಮಾಡುವ ಅಧಿಕಾರ ಅವನದು.

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ 'ಮಿಶ್ನಾ' ಎಂಬ ಯೆಹೂದ್ಯ ಧರ್ಮಸಂಹಿತೆಯಲ್ಲಿ ಈ ದಿನದ ಇನ್ನಷ್ಟು ವಿವರಗಳಿವೆ. ಸಿವುಡಿನ ಅರ್ಪಣೆ ಮುಗಿಯುತ್ತಿದ್ದಂತೆ ಯೆರೂಸಲೇಮಿನ ಪೇಟೆ ಹೊಸ ಹಿಟ್ಟಿನಿಂದಲೂ ಹುರಿಗಾಳಿನಿಂದಲೂ ತುಂಬಿಹೋಗುತ್ತಿತ್ತಂತೆ. ದೇವಾಲಯದಿಂದ ದೂರವಿದ್ದವರಿಗೆ ಸುದ್ದಿ ತಲುಪುವ ಬಗೆಯಿರಲಿಲ್ಲ. ಅವರಿಗೆ ಮಧ್ಯಾಹ್ನ ಕಳೆದ ಮೇಲೆ ಹೊಸತನ್ನು ಉಣ್ಣಲು ಅನುಮತಿಯಿತ್ತು. ಅಷ್ಟರೊಳಗೆ ಅಲ್ಲಿಯ ಹಿರಿಯರು ತಮ್ಮ ಕರ್ತವ್ಯವನ್ನು ಮುಗಿಸಿಯೇ ಇರುತ್ತಾರೆ, ಆಲಸ್ಯ ಮಾಡುವವರಲ್ಲ ಎಂಬ ನಂಬಿಕೆಯೇ ಅದಕ್ಕೆ ಆಧಾರ. ಊರು ಬಿಟ್ಟು ಬದುಕುವ ನಮ್ಮಂಥವರಿಗೆ ಈ ಸಣ್ಣ ನಿಯಮ ವಿಶೇಷವಾಗಿ ಹಿಡಿಸುತ್ತದೆ.

ಎರಡನೆಯದು ಪ್ರಥಮಫಲದ ಬುಟ್ಟಿ. ಹೀಬ್ರೂ ಭಾಷೆಯಲ್ಲಿ 'ಬಿಕ್ಕುರೀಮ್'. ಇದರ ಆರಂಭ ದೇವಾಲಯದಲ್ಲಾಗುವುದಿಲ್ಲ. ರೈತ ತನ್ನ ತೋಟಕ್ಕಿಳಿದು ಮೊದಲು ಮಾಗಿದ ಅಂಜೂರವನ್ನೋ ದ್ರಾಕ್ಷಿಯ ಗೊಂಚಲನ್ನೋ ಕಂಡಾಗ ಅದಕ್ಕೊಂದು ಜೊಂಡಿನ ಎಳೆ ಕಟ್ಟಿ, ಇದು ಪ್ರಥಮಫಲ ಎಂದು ಹೇಳುತ್ತಾನೆ. ಸುತ್ತಲಿನ ಹಳ್ಳಿಗಳ ಜನ ಒಂದು ಊರಿನಲ್ಲಿ ಕೂಡಿ, ಯಾರ ಮನೆಯೊಳಗೂ ಹೋಗದೆ ಬೀದಿಯಲ್ಲೇ ರಾತ್ರಿ ಕಳೆದು, ಬೆಳಗ್ಗೆ ಹೊರಡುತ್ತಾರೆ. ಮುಂದೆ ಕೊಂಬಿಗೆ ಚಿನ್ನದ ತಗಡು ಹೊದಿಸಿ ಎಣ್ಣೆಮರದ ಎಲೆಯ ಕಿರೀಟ ತೊಡಿಸಿದ ಎತ್ತು; ಜೊತೆಗೆ ಕೊಳಲಿನವನು. ಹತ್ತಿರದವರು ಹಸಿ ಅಂಜೂರ, ಹಸಿ ದ್ರಾಕ್ಷಿ ತರುತ್ತಾರೆ. ದೂರದವರು ಒಣಗಿಸಿದ ಅಂಜೂರ, ಒಣದ್ರಾಕ್ಷಿ. ಯೆರೂಸಲೇಮಿನ ಕುಶಲಕರ್ಮಿಗಳು ಅವರನ್ನು ಕಂಡು ಎದ್ದು ನಿಂತು ಸ್ವಾಗತಿಸುತ್ತಾರೆ. ದೇವಾಲಯದ ಗುಡ್ಡದ ಬುಡಕ್ಕೆ ಬಂದಾಗ ಅಗ್ರಿಪ್ಪ ರಾಜನೇ ಆದರೂ ತನ್ನ ಬುಟ್ಟಿಯನ್ನು ತಾನೇ ಹೆಗಲಿಗೇರಿಸಬೇಕು.

ಅಲ್ಲಿ ರೈತ ಒಂದು ಘೋಷಣೆ ಮಾಡುತ್ತಾನೆ. ತನ್ನ ಪೂರ್ವಜನು ನೆಲೆಯಿಲ್ಲದ ಅಲೆಮಾರಿಯಾಗಿದ್ದನೆಂದೂ, ಐಗುಪ್ತದಲ್ಲಿ ತನ್ನವರು ದಾಸರಾಗಿದ್ದರೆಂದೂ, ದೇವರು ಬಿಡಿಸಿ ಈ ನೆಲಕ್ಕೆ ತಂದನೆಂದೂ, ಆ ನೆಲದ ಮೊದಲ ಫಲ ಇದೆಂದೂ ಅದರ ಸಾರ. ಗಮನಿಸಬೇಕಾದ್ದು ಇದು: ಮಂತ್ರ ಹೇಳುವವನು ಯಾಜಕನಲ್ಲ, ರೈತ. ವರ್ಷವಿಡೀ ಮಣ್ಣಿನಲ್ಲಿ ದುಡಿದವನು ಅಂದು ತನ್ನ ಜನದ ಚರಿತ್ರೆಯನ್ನು ತನ್ನ ಬಾಯಿಂದ ಹೇಳುತ್ತಾನೆ. ಬಳಿಕ ಅವನು ಬುಟ್ಟಿಯನ್ನು ಹೆಗಲಿಂದಿಳಿಸಿ ಅಂಚನ್ನು ಹಿಡಿದುಕೊಳ್ಳುತ್ತಾನೆ. ಯಾಜಕನು ತನ್ನ ಕೈಯನ್ನು ಬುಟ್ಟಿಯ ಕೆಳಗಿಡುತ್ತಾನೆ. ಇಬ್ಬರೂ ಕೂಡಿ ಅದನ್ನು ನಿವಾಳಿಸುತ್ತಾರೆ. ಆಮೇಲೆ ರೈತ ಅದನ್ನು ಬಲಿಪೀಠದ ಬದಿಯಲ್ಲಿಟ್ಟು ಅಡ್ಡಬಿದ್ದು ಹೊರಡುತ್ತಾನೆ.

ಈ ಘೋಷಣೆಯನ್ನು ಹೀಬ್ರೂ ಭಾಷೆಯಲ್ಲೇ ಹೇಳಬೇಕಿತ್ತು, ಎಲ್ಲರಿಗೂ ಅದು ಬಾರದು. ಮೊದಮೊದಲು ಬಲ್ಲವರು ತಾವೇ ಹೇಳುತ್ತಿದ್ದರು, ಬಾರದವರಿಗೆ ಹೇಳಿಕೊಡಲಾಗುತ್ತಿತ್ತು. ಬರಬರುತ್ತ ಬಾರದವರು ಕಾಣಿಕೆ ತರುವುದನ್ನೇ ನಿಲ್ಲಿಸಿದರು. ಹತ್ತು ಜನರ ಎದುರು ತನ್ನ ಅಜ್ಞಾನ ಬಯಲಾಗುವುದನ್ನು ಯಾರು ಬಯಸುತ್ತಾರೆ? ಆಗ ಹಿರಿಯರು ಒಂದು ಕಟ್ಟಳೆ ಮಾಡಿದರು. ಬಲ್ಲವನಿಗೂ ಬಾರದವನಿಗೂ ಇನ್ನು ಮುಂದೆ ಹೇಳಿಕೊಡತಕ್ಕದ್ದು. ಹೀಗೆ ವಿದ್ವಾಂಸನೂ ಹಳ್ಳಿಗನೂ ಒಂದೇ ರೀತಿ ಹೇಳಿಸಿಕೊಂಡು ಹೇಳತೊಡಗಿದರು. ಪ್ರಾಚೀನ ಜಗತ್ತಿನ ಪುರೋಹಿತ ಸಂಸ್ಥೆಗಳ ಬಗ್ಗೆ ನಾವು ಓದಿದ್ದರಲ್ಲಿ ಇಷ್ಟು ಸೂಕ್ಷ್ಮವಾದ ಸೌಜನ್ಯ ಬೇರೆಲ್ಲೂ ಕಂಡಿಲ್ಲ. ಪದವಿಲ್ಲದವನಿಗೆ ಪದ ಕೊಡುವುದು ದೊಡ್ಡದು. ಕೊಟ್ಟದ್ದು ಇತರರಿಗೆ ಕಾಣದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡದು.

ಆದರೆ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅದೇ ಸಂಹಿತೆಯಲ್ಲಿ ಬುಟ್ಟಿ ತರಬಾರದವರ ಪಟ್ಟಿಯೂ ಇದೆ. ಪಾಲಿಗೆ ಉಳುವವನು, ಗುತ್ತಿಗೆಗೆ ಹಿಡಿದವನು, ಪರರ ನೆಲ ಕಸಿದವನು, ಕಳ್ಳ, ಇವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕಾರಣ ಇಷ್ಟೇ: ನಿನ್ನ ನೆಲದ ಪ್ರಥಮಫಲ ಎಂದು ಶಾಸ್ತ್ರ ಹೇಳಿದೆ, ಇವರ ಕಾಲ ಕೆಳಗಿನ ನೆಲ ಇವರದಲ್ಲ. ಕಳ್ಳನನ್ನೂ ಗೇಣಿದಾರನನ್ನೂ ಒಂದೇ ಸಾಲಿನಲ್ಲಿ ಕಂಡಾಗ ಗೇಣಿಯ ನಾಡಿನಲ್ಲಿ ಹುಟ್ಟಿದ ನಾವು ಪುಸ್ತಕ ಮುಚ್ಚಿಟ್ಟಿದ್ದೆವು. ಮತಾಂತರಗೊಂಡು ಬಂದವನು ಬುಟ್ಟಿ ತರಬಹುದು, ಘೋಷಣೆ ಹೇಳುವಂತಿಲ್ಲ, ಏಕೆಂದರೆ ನಮ್ಮ ಪಿತೃಗಳು ಎನ್ನಲು ಅವನಿಗೆ ಹಕ್ಕಿಲ್ಲ ಎಂಬ ಮಾತೂ ಅಲ್ಲಿದೆ. 12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸ್ ಅಬ್ರಹಾಮನನ್ನು ಅನೇಕ ಜನಾಂಗಗಳ ತಂದೆಯೆಂದು ನೆನಪಿಸಿ, ಹೊಸಬನೂ ಧಾರಾಳವಾಗಿ ಹೇಳಬಹುದೆಂದು ತೀರ್ಪಿತ್ತ. ಗೇಣಿದಾರನಿಗೆ ಅಂಥ ವಕೀಲ ದೊರೆತಂತೆ ಕಾಣುವುದಿಲ್ಲ. ಧನಿಕರು ಬೆಳ್ಳಿಬಂಗಾರದ ಬುಟ್ಟಿಗಳಲ್ಲಿ ತಂದರೆ ಬಡವರು ಸಿಪ್ಪೆ ಸುಲಿದ ಕಡ್ಡಿಯ ಬುಟ್ಟಿಯಲ್ಲಿ ತರುತ್ತಿದ್ದರು. ಧನಿಕನ ಬುಟ್ಟಿ ಮರಳಿ ಅವನ ಕೈಸೇರುತ್ತಿತ್ತು. ಬಡವನ ಬುಟ್ಟಿ ಫಲದೊಡನೆ ಯಾಜಕನಿಗೇ ಹೋಗುತ್ತಿತ್ತು. ಬಡತನ ಬಡವನನ್ನೇ ಬೆನ್ನಟ್ಟುತ್ತದೆಂಬ ಜನರ ಮಾತನ್ನು ತಾಲ್ಮುದ್ ಗ್ರಂಥ ಇಲ್ಲಿ ನೆನೆಯುತ್ತದೆ.

ಹಾಗಾದರೆ ಯಾಜಕನ ಸ್ಥಾನವೇನು? ಅರಣ್ಯಕಾಂಡದ 18ನೆಯ ಅಧ್ಯಾಯ ಇದನ್ನು ನಿಚ್ಚಳವಾಗಿ ಹೇಳುತ್ತದೆ. ಆರೋನನ ಸಂತತಿಗೆ ಆ ನಾಡಿನಲ್ಲಿ ಭೂಮಿಯ ಪಾಲಿಲ್ಲ. ದೇವರೇ ಅವರ ಪಾಲು. ಮೊದಲ ಫಲಗಳು ಅವರ ಜೀವನಾಂಶ. ಧರ್ಮೋಪದೇಶಕಾಂಡವಂತೂ ಯಾಜಕಕುಲದ ಲೇವಿಯನನ್ನು ಪರದೇಶಿ, ಅನಾಥ, ವಿಧವೆ ಇವರ ಪಂಕ್ತಿಯಲ್ಲೇ ಕೂರಿಸುತ್ತದೆ. ಮೂರು ವರ್ಷಕ್ಕೊಮ್ಮೆ ಊರಿನಲ್ಲೇ ಇಡಬೇಕಾದ ದಶಮಾಂಶ ಈ ನಾಲ್ವರಿಗೂ ಸೇರಿದ್ದು. ಯಾಜಕಕಾಂಡದ ಹಬ್ಬಗಳ ಪಟ್ಟಿಯ ನಡುವೆ, ವಾರಗಳ ಹಬ್ಬದ ವಿಧಿ ಮುಗಿದೊಡನೆ, ಹೊಲದ ಮೂಲೆಗಳನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ಆಜ್ಞೆ ಬರುತ್ತದೆ. ದೇವರಿಗೆ ಕೊಟ್ಟದ್ದು ಬಡವನಿಗೆ ಬಿಟ್ಟದ್ದರ ಜೊತೆಯಲ್ಲೇ ಲೆಕ್ಕಕ್ಕೆ ಬರುತ್ತದೆಂಬುದೇ ಆ ಜೋಡಣೆಯ ಇಂಗಿತವಿರಬೇಕು. ರೂತಳು ಬೆತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದದ್ದು ಈ ಕಟ್ಟಳೆಯ ನೆರಳಿನಲ್ಲೇ.

ನೆಲವಿಲ್ಲದ ಯಾಜಕನಿಗೆ ಬೆಳೆದವನ ಹಂಗಿದೆ. ಆ ಹಂಗೇ ಅವನನ್ನು ಹದದಲ್ಲಿಡುತ್ತದೆ. ಹದ ತಪ್ಪಿದವರ ಕಥೆಯೂ ಆ ಗ್ರಂಥದಲ್ಲೇ ಇದೆ. ಏಲಿ ಎಂಬ ಮುದಿ ಯಾಜಕನ ಮಕ್ಕಳು ಬಲಿಯ ಮಾಂಸ ಬೇಯುತ್ತಿರುವಾಗಲೇ ಸೇವಕನ ಕೈಗೆ ಮುಮ್ಮೊನೆಯ ಮುಳ್ಳುಚಮಚ ಕೊಟ್ಟು ಹಂಡೆಯಿಂದ ಸಿಕ್ಕಿದ್ದನ್ನೆಲ್ಲ ಎತ್ತಿಸುತ್ತಿದ್ದರು, ಕೊಡದಿದ್ದರೆ ಬಲಾತ್ಕಾರ. ಆ ಮನೆತನ ಅಳಿಯಿತೆಂದು ಕಥೆ ಮುಗಿಯುತ್ತದೆ. ಬುಟ್ಟಿಯ ಕೆಳಗೆ ಕೈಯಿಡುವುದು ಮತ್ತು ಹಂಡೆಯೊಳಗೆ ಕೈಯಿಡುವುದು, ಪುರೋಹಿತನ ಮುಂದೆ ಎಂದಿಗೂ ಇರುವ ದಾರಿಗಳು ಈ ಎರಡೇ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಸಿವುಡೂ ನಿಂತಿತು, ಬುಟ್ಟಿಯೂ ನಿಂತಿತು. ಐವತ್ತು ದಿನಗಳ ಎಣಿಕೆ ಮಾತ್ರ ಮನೆಮನೆಗಳಲ್ಲಿ ಇಂದಿಗೂ ಉಳಿದಿದೆ.

*

ಈ ಅಳತೆಗೋಲು ಹಿಡಿದು ನಮ್ಮ ನಾಡಿನ ಹೊಸ ಬೆಳೆಯ ಹಬ್ಬಗಳನ್ನು ನೋಡೋಣ. ಕೊಡಗಿನ ಹುತ್ತರಿಯಲ್ಲಿ ಪುರೋಹಿತನ ಪಾಲು ಅತ್ಯಲ್ಪ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಜ್ಯೋತಿಷಿಗಳೂ ತಕ್ಕಮುಖ್ಯಸ್ಥರೂ ಕೂಡಿ ಮುಹೂರ್ತ ನಿಶ್ಚಯಿಸುತ್ತಾರೆ. ನೆರೆ ಕಟ್ಟುವುದು ಯಾವಾಗ, ಕದಿರು ತೆಗೆಯುವುದು ಯಾವಾಗ, ಊಟ ಯಾವಾಗ ಎಂದು ಗಳಿಗೆಗಳ ಲೆಕ್ಕದಲ್ಲಿ ನಾಡಿಗೆಲ್ಲ ಸಾರುತ್ತಾರೆ. ಅಲ್ಲಿಂದಾಚೆ ಎಲ್ಲವೂ ಐನ್‌ಮನೆಯ ಕೈಯಲ್ಲಿ. ಹುಣ್ಣಿಮೆಯ ಬೆಳಕಿನಲ್ಲಿ ಕುಟುಂಬದವರು ಗದ್ದೆಗಿಳಿಯುತ್ತಾರೆ, ಕೋವಿಯ ಸದ್ದು ಕೇಳುತ್ತದೆ, ಬೆಸಸಂಖ್ಯೆಯಲ್ಲಿ ಕದಿರನ್ನು ಕೊಯ್ಯುತ್ತಾರೆ, ಪೊಲಿ ಪೊಲಿ ಎಂದು ಸಮೃದ್ಧಿಯನ್ನು ಕೂಗಿ ಕರೆಯುತ್ತ ಮನೆಗೆ ತರುತ್ತಾರೆ. ಇಲ್ಲಿ ದೇವಸ್ಥಾನ ಕಾಲವನ್ನು ತೆರೆದುಕೊಡುತ್ತದೆ, ಅಷ್ಟೇ. ಕುಡುಗೋಲು ಮನೆಯವನದು, ಕೂಗೂ ಮನೆಯವರದು.

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಮೊಂತಿ ಹಬ್ಬ ಇನ್ನೊಂದು ಬಗೆ. ಕನ್ಯಾಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಇಗರ್ಜಿಗೆ ಮೆರವಣಿಗೆಯಲ್ಲಿ ತಂದು ಪಾದ್ರಿಗಳಿಂದ ಆಶೀರ್ವದಿಸಿ ಕುಟುಂಬಕ್ಕಿಷ್ಟು ಎಂದು ಹಂಚುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂಬುದು ಸಮುದಾಯದ ಪರಂಪರಾಗತ ನಂಬಿಕೆ. ಮನೆಯಲ್ಲಿ ಹಿರಿಯರು ಆ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಇದಕ್ಕೆ 'ನೊವೆಂ' ಎಂದು ಹೆಸರು. ಪರದೇಶದಲ್ಲಿರುವ ಮಕ್ಕಳಿಗೆ ಒಣಗಿಸಿದ ಕಾಳನ್ನು ಅಂಚೆಯಲ್ಲಿ ಕಳುಹಿಸುವವರೂ ಇದ್ದಾರೆ. ದೂರದವರು ಒಣದ್ರಾಕ್ಷಿ ತರುತ್ತಿದ್ದ ಆ ಹಳೆಯ ಯಾತ್ರೆ ಇಲ್ಲಿ ತಿರುಗುಮುರುಗಾಗಿದೆ: ಅಲ್ಲಿ ದೂರದಿಂದ ಬಂದದ್ದು ಇಲ್ಲಿ ದೂರಕ್ಕೆ ಹೋಗುತ್ತದೆ.

ನಮ್ಮ ಕುಂದಾಪುರದ ಕಡೆ ಇದಕ್ಕೆ 'ಹೊಸ್ತು' ಎನ್ನುತ್ತಾರೆ. ತೆಂಕಲಾಗಿ ತುಳುವರ ನಾಡಿಗೆ ಹೋದರೆ 'ಕುರಲ್ ಪರ್ಬ', 'ಪುದ್ವಾರ್'. ಗದ್ದೆಯಿಂದ ತಂದ ಕದಿರನ್ನು ಮಾವು, ಹಲಸು, ಬಿದಿರಿನ ಎಲೆಗಳೊಡನೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ, ಬಾವಿಕಟ್ಟೆಗೆ, ನೇಗಿಲಿಗೆ, ಕಣಜಕ್ಕೆ ಕಟ್ಟುವುದು ಕ್ರಮ. ಹೊಸ ಅಕ್ಕಿಯ ಊಟಕ್ಕೆ ಕೂರುವ ಮೊದಲು ಕಿರಿಯರು ಹಿರಿಯರ ಕಾಲು ಮುಟ್ಟಿ ಹೊಸತು ಉಣ್ಣುತ್ತೇವೆಂದು ಹೇಳಿ ಅಪ್ಪಣೆ ಪಡೆಯುತ್ತಾರೆ. ಹಲವು ಊರುಗಳಲ್ಲಿ ಕದಿರು ಮೊದಲು ದೇವಸ್ಥಾನಕ್ಕೆ ಹೋಗಿ, ಪೂಜೆಯಾಗಿ, ಬಳಿಕ ಮನೆಗಳಿಗೆ ಬರುತ್ತದೆ. ನಮ್ಮ ಊರಿನಲ್ಲೂ ಹಾಗೆಯೇ. ಅಲ್ಲಿ ಪೂಜೆ ಮಾಡಿ ಹಂಚುತ್ತಿದ್ದವರು ನಮ್ಮ ಅಜ್ಜಯ್ಯ. ಕದಿರು ಬರುತ್ತಿದ್ದದ್ದೂ ನಮ್ಮ ಮನೆಯ ಗದ್ದೆಯಿಂದಲೇ.

'ನಮ್ಮ ಮನೆಯ ಗದ್ದೆ' ಎಂಬ ಮಾತನ್ನು ಇಲ್ಲಿ ಕೊಂಚ ಬಿಡಿಸಿ ಹೇಳಬೇಕು. ಚೆನ್ನೈಯ ಐಲೆಂಡ್ ಮೈದಾನದ ಬಳಿ, ಮೌಂಟ್ ರೋಡಿನಲ್ಲಿ, ಜೀನಿಲ್ಲದ ಕುದುರೆಯ ಮೇಲೆ ಕುಳಿತ ಸರ್ ಥಾಮಸ್ ಮನ್ರೋ ಅವರ ಪ್ರತಿಮೆಯಿದೆ. ಕಚೇರಿಗೆ ಹೋಗುವ ಬಸ್ಸಿನಿಂದ ನಾವು ಅದನ್ನು ಬಹುತೇಕ ದಿನವೂ ನೋಡುತ್ತೇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆ ಕಂಪನಿಯ ಕೈಸೇರಿದಾಗ ಅಲ್ಲಿಗೆ ಮೊದಲ ಕಲೆಕ್ಟರಾಗಿ ಹೋದವರು ಅವರೇ. ಭೂಮಿ ವರ್ಗದಾರರ ಖಾಸಗಿ ಸ್ವತ್ತು ಎಂಬ ಅಲ್ಲಿಯ ರೂಢಿಯನ್ನು ಗುರುತಿಸಿ ಅವರೊಡನೆ ಕಂದಾಯದ ಏರ್ಪಾಡು ಮಾಡಿದರು. ಮುಂದೆ 1956ರ ನವೆಂಬರ್ 1ರವರೆಗೂ ನಮ್ಮ ದಕ್ಷಿಣ ಕನ್ನಡ ಮದರಾಸಿನ ಅಧೀನದಲ್ಲಿಯೇ ಇತ್ತು. ವರ್ಗದಾರರ ಕೆಳಗೆ ಮೂಲಗೇಣಿಯವರು, ಅವರ ಕೆಳಗೆ ಯಾವಾಗ ಬೇಕಾದರೂ ಎಬ್ಬಿಸಬಹುದಾದ ಚಾಲಗೇಣಿಯವರು. ಅಜ್ಜಯ್ಯನವರ ಗದ್ದೆಗಳನ್ನು ಉಳುತ್ತಿದ್ದವರು ಚಾಲಗೇಣಿಯ ಎರಡು ಒಕ್ಕಲು ಕುಟುಂಬದವರು. ಅವರು ಉತ್ತರು, ನಟ್ಟರು, ಕೊಯ್ದರು. ಅಕ್ಕಿಯ ಮುಡಿ ಕಟ್ಟಿ ಗೇಣಿ ಅಳೆದರು. ಹೊಸ್ತಿನ ದಿನ ಬೆಳಗು ಹರಿಯುವ ಮೊದಲೇ ಕದಿರು ಕೊಯ್ದು ತಂದು ನಮ್ಮ ಜಗಲಿಯ ಕೆಳಗೆ ನಿಂತು ಕೊಟ್ಟರು. ದೇವಸ್ಥಾನದಲ್ಲಿ ಅದು ನಮ್ಮ ಮನೆಯ ಕದಿರೆಂದು ಕರೆಸಿಕೊಂಡಿತು. ಪೂಜೆಯ ನಂತರ ಅದರಲ್ಲಿ ನಾಲ್ಕು ತೆನೆ ಪ್ರಸಾದವಾಗಿ ಅವರ ಕೈಗೇ ಮರಳಿತು. ಪಾಲಿಗೆ ಉಳುವವನು ಬುಟ್ಟಿ ತರಬಾರದೆಂಬ ನಿಯಮ ನಮ್ಮಲ್ಲಿ ಯಾವ ಗ್ರಂಥದಲ್ಲೂ ಬರೆದಿರಲಿಲ್ಲ. ನಡೆಯುತ್ತಿದ್ದದ್ದು ಅದೇ.

ಇಸ್ರಾಯೇಲಿನ ಶಾಸ್ತ್ರ ಯಾಜಕನಿಗೆ ನೆಲವಿಲ್ಲವೆಂದಿತು, ನಮ್ಮ ಕರಾವಳಿಯ ಅರ್ಚಕನಿಗೆ ನೆಲವಿತ್ತು. ನೆಲವಿದ್ದುದರಿಂದ ಅವನು ಒಂದೇ ದಿನ ಎರಡು ಪಾತ್ರ ವಹಿಸುತ್ತಿದ್ದ. ಕಾಣಿಕೆ ಕೊಡುವವನೂ ಅವನೇ, ಅದನ್ನು ದೇವರಿಗೆ ಮುಟ್ಟಿಸುವವನೂ ಅವನೇ. ನಡುವೆ ಬೆಳೆದವನಿಗೆ ನಿಲ್ಲಲು ಜಾಗವೇ ಇರಲಿಲ್ಲ. ಇದನ್ನು ಅಜ್ಜಯ್ಯನವರ ಮೇಲಿನ ದೂಷಣೆಯಾಗಿ ಹೇಳುತ್ತಿಲ್ಲ. ಅವರು ಗೇಣಿಗೆ ಕಾಡಿದವರಲ್ಲ, ಮಳೆ ಕೈಕೊಟ್ಟ ವರ್ಷ ಮುಡಿ ಬಿಟ್ಟುಕೊಟ್ಟವರು ಎಂದು ಊರಿನವರೇ ಹೇಳುತ್ತಾರೆ. ಒಳ್ಳೆಯ ಮನುಷ್ಯನಾಗಿದ್ದೂ ಕಾಣದಿರುವುದು ಸಾಧ್ಯವೆಂಬುದೇ ನಮ್ಮನ್ನು ಕಾಡುವ ವಿಷಯ.

ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ರದ್ದಾಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಬೇಕಿತ್ತು. ನಮ್ಮ ಜಿಲ್ಲೆಯಲ್ಲಿ ಈ ಅರ್ಜಿಯನ್ನು ಜನ ಇಂದಿಗೂ 'ಡಿಕ್ಲರೇಶನ್' ಎಂದೇ ಕರೆಯುತ್ತಾರೆ. ಡಿಕ್ಲರೇಶನ್ ಕೊಟ್ಟವರು, ಡಿಕ್ಲರೇಶನ್ನಿನಲ್ಲಿ ಕಳೆದುಕೊಂಡವರು ಎಂದು ಊರು ಎರಡಾಯಿತು. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಮತ್ತೆ ಓದುವಾಗೆಲ್ಲ ನಮಗೆ ಈ ಪದವೇ ಕಿವಿಯಲ್ಲಿ ಕೇಳುತ್ತದೆ. ಅಲ್ಲಿಯೂ ಬುಟ್ಟಿ ಹೊತ್ತು ನಿಂತವನು ಮಾಡುವುದು ಒಂದು ಡಿಕ್ಲರೇಶನ್ನೇ. ನಾವು ನೆಲೆಯಿಲ್ಲದವರಾಗಿದ್ದೆವು, ದುಡಿದೆವು, ಈಗ ಈ ನೆಲ ನಮ್ಮದು ಎನ್ನುವ ಮಾತು ಎರಡು ಕಡೆಯೂ ಒಂದೇ. ಕುಂದಾಪುರದ ಕಡೆಯ ಆ ಒಕ್ಕಲಿನವರಿಗೆ ಹಿಂದೆ ಅದನ್ನು ಹೇಳಿಕೊಟ್ಟವರಿರಲಿಲ್ಲ. ಅರ್ಜಿ ತುಂಬಿಕೊಟ್ಟ ಶಾಲಾ ಮೇಷ್ಟರೊಬ್ಬರು ಆ ವರ್ಷ ಆ ಕೆಲಸ ಮಾಡಿದರೆಂದು ಕೇಳಿದ್ದೇವೆ.

ಗದ್ದೆ ಹೋಯಿತು. ಆ ವರ್ಷದ ಹೊಸ್ತಿಗೆ ಎರಡು ದಿನವಿರುವಾಗ ಒಕ್ಕಲಿನ ಹಿರಿಯ ನಮ್ಮ ಜಗಲಿಯ ಕೆಳಗೆ ಬಂದು ನಿಂತನಂತೆ. "ಅಯ್ಯಾ, ಈ ಸಲವೂ ದೇವಸ್ಥಾನಕ್ಕೆ ಕದಿರು ನಾನೇ ತರುವುದಲ್ಲವಾ?" ಎಂದು ಕೇಳಿದ. ಅಜ್ಜಯ್ಯ ತಲೆಯೆತ್ತಲಿಲ್ಲ. "ಬೇಡ, ಬೇರೆ ಕಡೆಯಿಂದ ತರಿಸಿದ್ದಾಗಿದೆ" ಎಂದರು. ತರಿಸಿರಲಿಲ್ಲ. ಮರುದಿನ ಪಕ್ಕದ ಊರಿನ ನೆಂಟರ ಗದ್ದೆಗೆ ಆಳು ಕಳುಹಿಸಿದರು. ಆಗ ಹದಿನೆಂಟರ ಹರೆಯದಲ್ಲಿದ್ದ ನಮ್ಮ ಅಪ್ಪಯ್ಯ ಕಂಬದ ಮರೆಯಲ್ಲಿ ನಿಂತು ಈ ಮಾತು ಕೇಳಿದ್ದರು. ಹೊಸ್ತಿನ ದಿನ ಆ ಹಿರಿಯ ದೇವಸ್ಥಾನಕ್ಕೆ ಬರಲಿಲ್ಲ. ತನ್ನ ಗದ್ದೆಯ ಕದಿರನ್ನು ತಾನೇ ಕೊಯ್ದು, ಅರಸಿನ ಹಚ್ಚಿ, ತನ್ನ ಮನೆಯ ತುಳಸಿಕಟ್ಟೆಯ ಮುಂದಿಟ್ಟು ಕೈಮುಗಿದು ಬಾಗಿಲಿಗೆ ಕಟ್ಟಿದ. ತಲೆಮಾರುಗಳಿಂದ ಕದಿರು ಕೊಯ್ದ ಆ ಮನೆಗೆ ತನ್ನದೆಂದು ಹೇಳಬಹುದಾದ ಮೊದಲ ಫಲ ಅದು. ಬುಟ್ಟಿಯ ಕೆಳಗೆ ಕೈಯಿಡಬೇಕಾಗಿದ್ದ ಏಕೈಕ ದಿನ ಅಜ್ಜಯ್ಯ ಕೈ ಹಿಂದೆಗೆದಿದ್ದರು.

ಅವರು ಬದುಕಿರುವವರೆಗೂ ಆ ಮಾತು ಮನೆಯಲ್ಲಿ ಬರಲಿಲ್ಲ. ಅವರ ನಂತರ ಪೂಜೆ ಅಪ್ಪಯ್ಯನ ಪಾಲಿಗೆ ಬಂತು. ಮೊದಲ ವರ್ಷವೇ ಅಪ್ಪಯ್ಯ ಹೊಸ್ತಿನ ಹಿಂದಿನ ಸಂಜೆ ನಮ್ಮನ್ನು ಕರೆದುಕೊಂಡು ಆ ಮನೆಗೆ ನಡೆದರು. ನಮಗೆ ಆಗ ಒಂಬತ್ತೋ ಹತ್ತೋ ವರ್ಷ. ಹಿರಿಯ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅಪ್ಪಯ್ಯ ಅಂಗಳದಲ್ಲೇ ನಿಂತು, "ದೇವಸ್ಥಾನಕ್ಕೆ ನಾಳೆ ಕದಿರು ಬೇಕಾಗಿತ್ತು, ನಿಮ್ಮ ಗದ್ದೆಯದ್ದು ಕೊಡುತ್ತೀರಾ?" ಎಂದರು. ಅವನನ್ನು ಬಹುವಚನದಲ್ಲಿ ಮಾತನಾಡಿಸಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಒಳಗೆ ತಿರುಗಿ ಮಣೆ ಹಾಕಲು ಹೇಳಿದ. ಮರುದಿನ ಬೆಳಗ್ಗೆ ಕದಿರನ್ನು ಅವನೇ ಹೊತ್ತು ತಂದ. ದೇವರ ಮುಂದೆ ಪ್ರಾರ್ಥನೆ ಮಾಡುವಾಗ ಅಪ್ಪಯ್ಯ ಅವನ ಮನೆಯ ಹೆಸರನ್ನು ಹೇಳಿದರು. ಆ ಕ್ರಮ ಈಗಲೂ ನಡೆಯುತ್ತಿದೆ. ನಮ್ಮ ಮನೆಗೆ ಇಂದು ಒಂದು ಸೆಂಟ್ ಗದ್ದೆಯೂ ಇಲ್ಲ. ಬಾಗಿಲಿಗೆ ಕಟ್ಟುವ ಕದಿರು ಅವರ ಮನೆಯಿಂದ ಬರುತ್ತದೆ. ಅರಣ್ಯಕಾಂಡ ಹೇಳಿದ ಯಾಜಕನ ಸ್ಥಾನಕ್ಕೆ ನಾವು ತಡವಾಗಿಯಾದರೂ, ನಮ್ಮ ಇಚ್ಛೆಯಿಂದಲ್ಲದಿದ್ದರೂ, ಬಂದು ಸೇರಿದ್ದೇವೆ.

ಪುರೋಹಿತನಿಲ್ಲದೆಯೂ ಮೊದಲ ತೆನೆ ದೇವರಿಗೆ ಮುಟ್ಟುತ್ತದೆ. ಹುತ್ತರಿಯಲ್ಲಿ, ಇಲ್ಲಿ ನಮ್ಮ ನೆರೆಹೊರೆಯವರು ಸೂರ್ಯನೆದುರು ಉಕ್ಕಿಸುವ ಪೊಂಗಲಿನಲ್ಲಿ, ಆ ಒಕ್ಕಲಿನ ತುಳಸಿಕಟ್ಟೆಯ ಮುಂದೆ ಅದು ಮುಟ್ಟಿಯೇ ಇದೆ. ಹಾಗಿದ್ದೂ ಅವನಿಗೊಂದು ಕೆಲಸವುಂಟೆಂದು ಈಗ ನಮಗನಿಸುತ್ತದೆ. ಎಲ್ಲರೂ ಒಟ್ಟಿಗೆ ಉಣ್ಣುವ ಹೊತ್ತನ್ನು ಅವನು ಗೊತ್ತುಮಾಡಬಹುದು. ಮಾತು ಬಾರದವನಿಗೆ ಯಾರಿಗೂ ಕಾಣದಂತೆ ಮಾತು ಕೊಡಬಹುದು. ಬೆಳೆದವನ ಹೆಸರನ್ನು ದೇವರ ಮುಂದೆ ಹೇಳಬಹುದು. ಬುಟ್ಟಿಯ ಅಂಚು ಮಾತ್ರ ಬೆಳೆದವನ ಕೈಯಲ್ಲೇ ಇರಬೇಕು.

ಹೊಸ್ತಿನ ದಿನ ನಮಗೆ ಹೆಚ್ಚಾಗಿ ರಜೆ ಸಿಗುವುದಿಲ್ಲ. ಮನೆಯಲ್ಲಿ ಹೊಸ ಅಕ್ಕಿಯನ್ನು ಹಿಂದಿನ ವಾರವೇ ಊರಿನಿಂದ ಬಂದವರ ಕೈಯಲ್ಲಿ ತರಿಸಿಟ್ಟಿರುತ್ತೇವೆ. ಊರಿನಿಂದ ಫೋನು ಬಂದ ಮೇಲೆ ಒಲೆ ಹಚ್ಚುವುದು ವಾಡಿಕೆ. ಹಿಂದಿನ ವರ್ಷ ಅಲ್ಲಿ ಗಾಳಿಮಳೆಯಾಗಿ ಫೋನು ಬರಲೇ ಇಲ್ಲ. ಮಧ್ಯಾಹ್ನ ಕಳೆಯುವವರೆಗೆ ಕಾದೆವು. ಅಷ್ಟರೊಳಗೆ ಅಪ್ಪಯ್ಯನೂ ಆ ಮನೆಯವರೂ ಸೇರಿ ಕದಿರು ಒಪ್ಪಿಸಿಯೇ ಇರುತ್ತಾರೆಂದು ಹೇಳಿ ಮಕ್ಕಳನ್ನು ಎಲೆಯ ಮುಂದೆ ಕೂರಿಸಿದೆವು.